ಮಾರ್ನಿಂಗ್‌ಸೈಡ್ ಉದ್ಯಾನದ ಕೊಳ

ನಮ್ಮ ಕಾಲೇಜಿನಲ್ಲಿ ಬಿ.ಎ. ಮುಗಿಸಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದಾಗ, 1913ರಲ್ಲಿ ಅಂಬೇಡ್ಕರ್ ಓದಲು ಹೋದ ಜಾಗವಿದು ಎಂಬ ಹೆಮ್ಮೆಯೊಂದೇ ನನ್ನಲ್ಲಿತ್ತು. ಅದರ ಇನ್ನೊಂದು ಮುಖ ನನಗೆ ತಿಳಿದದ್ದು ಅಲ್ಲಿನ ಮಾರ್ನಿಂಗ್‌ಸೈಡ್ ಉದ್ಯಾನದ ಸಣ್ಣ ಕೊಳವೊಂದರಿಂದ.

ವಿಶ್ವವಿದ್ಯಾಲಯ ಎತ್ತರದಲ್ಲಿದೆ, ಕಡಿದಾದ ಬಂಡೆಯಿಳಿಜಾರನ್ನೂ ಉದ್ಯಾನವನ್ನೂ ದಾಟಿದರೆ ಕೆಳಗೆ ಕಪ್ಪು ಜನರ ಬಡಾವಣೆಯೆಂದೇ ಹೆಸರಾದ ಹಾರ್ಲೆಮ್. ಸಾರ್ವಜನಿಕರ ಆ ಉದ್ಯಾನದಲ್ಲಿ ಎರಡು ಎಕರೆಯಷ್ಟು ಜಾಗವನ್ನು ನಗರದಿಂದ ಗುತ್ತಿಗೆಗೆ ಪಡೆದ ವಿಶ್ವವಿದ್ಯಾಲಯವು 1968ರ ಫೆಬ್ರವರಿಯಲ್ಲಿ ವ್ಯಾಯಾಮಶಾಲೆಗೆಂದು ನೆಲ ಅಗೆಯತೊಡಗಿತು. ವಿದ್ಯಾರ್ಥಿಗಳಿಗೆ ಮೇಲಿನಿಂದ ಬಾಗಿಲು, ಹಾರ್ಲೆಮ್‌ನ ಕಪ್ಪು ಜನರಿಗೆ ಕೆಳಗಿನಿಂದ ಬೇರೆ ಬಾಗಿಲು, ಒಳಗೆ ಚಿಕ್ಕದೊಂದು ಪಾಲು. ಅಮೆರಿಕದ ದಕ್ಷಿಣದ ವರ್ಣಭೇದಕ್ಕೆ 'ಜಿಮ್ ಕ್ರೋ' ಎಂಬ ಹೆಸರಿತ್ತು. ಈ ಜಿಮ್ಮನ್ನೂ ಜನ ಹಾಗೆಯೇ ಕರೆದರು. ನನ್ನ ತಾತ ನಮ್ಮೂರ ಹೋಟೆಲಿನ ಹೊರಗೆ, ತಮಗೆಂದೇ ಬೇರೆ ಇಟ್ಟ ಲೋಟವನ್ನು ತಾವೇ ತೊಳೆದು ಚಹಾ ಕುಡಿದವರು. ಆ ಎರಡು ಬಾಗಿಲುಗಳ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಗಿ ಮೂರು ವಾರವೂ ಕಳೆದಿರಲಿಲ್ಲ. ಏಪ್ರಿಲ್ 23ರಂದು ವಿದ್ಯಾರ್ಥಿಗಳು ಈ ವ್ಯಾಯಾಮಶಾಲೆಯನ್ನು ವಿರೋಧಿಸಿ ವಿಶ್ವವಿದ್ಯಾಲಯದ ಕಟ್ಟಡವಾದ ಹ್ಯಾಮಿಲ್ಟನ್ ಹಾಲ್‌ನೊಳಗೆ ಕುಳಿತರು. ಮರುದಿನ ಬೆಳಗಾಗುವ ಮುನ್ನವೇ ಕಪ್ಪು ವಿದ್ಯಾರ್ಥಿಗಳು, ಬೇರೆ ಕಟ್ಟಡ ಹಿಡಿಯಿರಿ ಎಂದು ಬಿಳಿಯ ಜೊತೆಗಾರರನ್ನು ಕಳುಹಿಸಿ, ಆ ಕಟ್ಟಡವನ್ನು ತಾವೇ ಉಳಿಸಿಕೊಂಡರು. ಸುಮಾರು ಎಂಬತ್ತು ಮಂದಿಯ ಆ ಗುಂಪು ಕಟ್ಟಡವನ್ನು ಚೊಕ್ಕಟವಾಗಿ ಇಟ್ಟುಕೊಂಡಿತು; ಹಾರ್ಲೆಮ್‌ನ ನೆರೆಹೊರೆಯವರು ಅವರಿಗೆ ಊಟ ತಂದುಕೊಟ್ಟರು. ಹಾರ್ಲೆಮ್ ಕೆರಳೀತೆಂಬ ಭಯದಿಂದ ಆಡಳಿತವು ಪೊಲೀಸರನ್ನು ಕರೆಸಲು ದಿನಗಟ್ಟಲೆ ಹಿಂಜರಿಯಿತು. ಈ ಚಳವಳಿಯ ಕಥೆಯನ್ನು ಬಹುಮಂದಿ ಬಿಳಿಯ ವಿದ್ಯಾರ್ಥಿ ನಾಯಕರಿಂದಲೇ ಆರಂಭಿಸುತ್ತಾರೆ. ಅದರ ನಿಜವಾದ ಬಲ ಹ್ಯಾಮಿಲ್ಟನ್ ಹಾಲ್‌ನಲ್ಲಿತ್ತು, ಅದರ ಹಿಂದೆ ನಿಂತ ಕೇರಿಗಳಲ್ಲಿತ್ತು ಎಂದು ನಾನು ನಂಬುತ್ತೇನೆ. ಏಪ್ರಿಲ್ 30ರ ನಸುಕಿನಲ್ಲಿ ಪೊಲೀಸರು ಬಂದಾಗ ಆ ಕಪ್ಪು ವಿದ್ಯಾರ್ಥಿಗಳು ಪ್ರತಿರೋಧಿಸದೆ ಶಿಸ್ತಿನಿಂದ ಹೊರನಡೆದರು. ಉಳಿದ ಕಟ್ಟಡಗಳಲ್ಲಿ ಲಾಠಿ ಬೀಸಿತು. ಒಟ್ಟು ಏಳುನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು.

ಆದರೆ ವ್ಯಾಯಾಮಶಾಲೆ ಅಲ್ಲಿ ಏಳಲಿಲ್ಲ. ಅಗೆದ ಗುಂಡಿ ಸುಮಾರು ಎರಡು ದಶಕ ಹಾಗೆಯೇ ಬಿದ್ದಿದ್ದು, ಆಮೇಲೆ ಸಣ್ಣ ಜಲಪಾತವಿರುವ ಕೊಳವಾಯಿತು. ತರಗತಿ ಮುಗಿದ ಸಂಜೆಗಳಲ್ಲಿ ನಾನು ಅಲ್ಲಿ ಕೂರುತ್ತಿದ್ದೆ.

ರಜೆಗೆ ಊರಿಗೆ ಬಂದಾಗ ಆ ಕೊಳದ ಚಿತ್ರವನ್ನು ತಾತನಿಗೆ ತೋರಿಸಿ ಎರಡು ಬಾಗಿಲುಗಳ ವಿಷಯ ಹೇಳಿದೆ. ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದ ಅವರು, “ಕಟ್ಟೋಕೆ ಬಿಡ್ಲಿಲ್ವಾ ಮಗಾ?” ಎಂದು ಎರಡು ಸಲ ಕೇಳಿದರು.