‘ಈಗ ಕೈಬಿಟ್ಟರೆ?’ ಅನ್ನುವ ಯೋಚನೆ ಬಂದಾಗ

ಹೆರಿಗೆ ವಾರ್ಡಿನ ನರ್ಸ್‌ಗಳು ಒಬ್ಬರಿಗೊಬ್ಬರು ಹೇಳಿಕೊಳ್ಳದ ಒಂದು ವಿಷಯವಿದೆ. ಕೂಸನ್ನು ಎತ್ತಿಕೊಂಡು ಹೋಗುವಾಗ ತಟ್ಟನೆ ಒಂದು ಯೋಚನೆ ಬರುತ್ತದೆ: ‘ಈಗ ಕೈಬಿಟ್ಟರೆ?’ ನನಗೂ ಬರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎದೆ ಧಸಕ್ಕೆನ್ನುತ್ತಿತ್ತು. ನಾನೇನು ರಾಕ್ಷಸಿಯಾ ಅನ್ನಿಸುತ್ತಿತ್ತು. ದೇವರ ನಾಮ ಹೇಳಿ ಓಡಿಸುತ್ತಿದ್ದೆ. ಓಡಿಸಿದಷ್ಟೂ ಜಾಸ್ತಿ ಬರುತ್ತಿತ್ತು.

1987ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಇದನ್ನೇ ಪರೀಕ್ಷಿಸಿ ನೋಡಿದ್ದರು. ವಿದ್ಯಾರ್ಥಿಗಳಿಗೆ ‘5 ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ’ ಅಂದರು. ಗಂಟೆ ಬಾರಿಸುತ್ತಲೇ ಇತ್ತು! ಬರಬಾರದು ಅಂತ ಕಾವಲು ಕೂತ ಮನಸ್ಸು, ಯಾವುದು ಬರಬಾರದು ಅನ್ನುವುದನ್ನು ಮರೆಯುವುದು ಹೇಗೆ, ಅಲ್ವಾ?

ಈಗ ಓಡಿಸುವುದಿಲ್ಲ. ‘ಬಂತು, ಕೈಬಿಟ್ಟರೆ ಅನ್ನೋ ಯೋಚನೆ’ ಅಂತ ಮನಸ್ಸಿನಲ್ಲೇ ಹೇಳಿಕೊಂಡು, ಕೂಸಿನ ಕತ್ತಿನ ಕೆಳಗೆ ಕೈ ಕೊಟ್ಟು ನಡೆಯುತ್ತೇನೆ. ಇನ್ನೊಬ್ಬ ಸಿಸ್ಟರ್ ಕೈಗೆ ಮಗು ದಾಟಿಸಿ ತಪ್ಪಿಸಿಕೊಳ್ಳುವುದಿಲ್ಲ. ಎದೆ ಒಂದಿಷ್ಟು ಹೊತ್ತು ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ಬರಲು ಬಿಡುವುದೆಂದರೆ ಅದು ಹೇಳಿದ್ದನ್ನು ಒಪ್ಪುವುದಲ್ಲ.

ಔಷಧದ ಡೋಸ್ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಅನುಮಾನ ಬೇಕು. ಇಬ್ಬರು ನೋಡುತ್ತೇವೆ, ಸಹಿ ಹಾಕುತ್ತೇವೆ. ಆಮೇಲೂ ‘ತಪ್ಪಿತಾ?’ ಅಂತ ಮತ್ತೆ ಮತ್ತೆ ಚಾರ್ಟ್ ತೆಗೆಯುತ್ತಿದ್ದರೆ, ಅದು ಮಗುವಿಗಾಗಿ ಅಲ್ಲ, ನನ್ನ ಸಮಾಧಾನಕ್ಕೆ. ಆ ಸಮಾಧಾನ ಮುಂದಿನ ಹಾಸಿಗೆ ತಲುಪುವವರೆಗೂ ಉಳಿಯುವುದಿಲ್ಲ.

ಬಾಣಂತಿಯರಿಗೆ ಇಂಥ ಯೋಚನೆ ಇನ್ನೂ ಜಾಸ್ತಿ. ‘ಸಿಸ್ಟರ್, ಮಗೂಗೆ ನಾನೇ ಏನಾದ್ರೂ ಮಾಡಿಬಿಡ್ತೀನಿ ಅನ್ಸುತ್ತೆ’ ಅಂತ ಅಳುತ್ತಾರೆ. ಮನೆಯವರು ದೃಷ್ಟಿ ತೆಗೆಯಲು ಓಡಾಡುತ್ತಾರೆ. ತೆಗೆಯಲಿ, ನನ್ನದೇನೂ ತಕರಾರಿಲ್ಲ. ಆದರೆ ಮಗುವನ್ನು ತಾಯಿಯಿಂದ ದೂರ ಇಟ್ಟರೆ ಆ ಭಯ ಗಟ್ಟಿಯಾಗುತ್ತದೆ. ‘ತುಂಬಾ ಜನ ತಾಯಂದಿರಿಗೆ ಬರುತ್ತಮ್ಮ. ಯೋಚನೆ ಅದರ ಪಾಡಿಗೆ ಇರಲಿ, ನೀನು ಹಾಲು ಕುಡಿಸು’ ಅನ್ನುತ್ತೇನೆ. ಯೋಚನೆ ಕಂಡು ಅವಳು ಹೆದರುತ್ತಿದ್ದಾಳೆ ಅಂದರೆ ಅದು ಅವಳ ಇಚ್ಛೆಯಲ್ಲ.

ಎಲ್ಲರಿಗೂ ಇಷ್ಟೇ ಸಾಲದು. ನಿದ್ದೆಯೇ ಬಾರದೆ, ಇಲ್ಲದ ದನಿ ಕೇಳಿಸುತ್ತಿದ್ದರೆ, ‘ಇದು ನನ್ನ ಮಗುವೇ ಅಲ್ಲ’ ಅನ್ನುತ್ತಿದ್ದರೆ, ತನಗೋ ಮಗುವಿಗೋ ಏನಾದರೂ ಮಾಡುವ ಮನಸ್ಸಿದ್ದರೆ, ಮಗುವಿನೊಂದಿಗೆ ಅವಳನ್ನು ಒಂಟಿಯಾಗಿ ಬಿಡಬೇಡಿ. ಅದೇ ಗಳಿಗೆ ಡಾಕ್ಟರನ್ನು ಕರೆಯಿರಿ. ಅಷ್ಟು ತೀವ್ರವಲ್ಲದಿದ್ದರೂ ಯೋಚನೆಗಳಿಂದ ಊಟ, ನಿದ್ದೆ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.