“ಮೇಡಂ, ನಿಮ್ಮ ಎಸ್‌ಎಆರ್ ಒಂದು ಕಳಿಸ್ತೀರಾ?”

ಬೇರೆ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರುಗಳಿಂದ ರಾತ್ರಿ ಒಂಬತ್ತರ ಮೇಲೆ ಫೋನ್ ಬಂದರೆ ವಿಷಯ ಏನೆಂದು ನನಗೆ ಗೊತ್ತು. “ಊಟ ಆಯ್ತಾ ಮೇಡಂ? ನಮ್ಮ ಬ್ರಾಂಚಿಗೆ ಎನ್‌ಬಿಎ ಹಾಕ್ತಾ ಇದ್ದೀವಿ. ನಿಮ್ಮ ಎಸ್‌ಎಆರ್ ಒಂದು ಕಳಿಸ್ತೀರಾ?”

ಎಸ್‌ಎಆರ್ ಅಂದರೆ ವಿಭಾಗ ತನ್ನ ಬಗ್ಗೆ ತಾನೇ ಬರೆದುಕೊಡುವ ವರದಿ. ಇಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ಮಾನ್ಯತೆ ಕೊಡುವ ದೆಹಲಿಯ ಎನ್‌ಬಿಎ ಅದನ್ನು ಓದುತ್ತದೆ, ಆಮೇಲೆ ತಂಡ ಕಳಿಸಿ ಕಣ್ಣಾರೆ ನೋಡುತ್ತದೆ. (ಬೆಂಗಳೂರಿನ ನ್ಯಾಕ್ ಬೇರೆ. ಅದು ಇಡೀ ಕಾಲೇಜನ್ನು ನೋಡುತ್ತದೆ, ಎನ್‌ಬಿಎ ಒಂದೊಂದು ಬ್ರಾಂಚನ್ನು. ಇವೆರಡನ್ನೂ ಕಲಸಿಕೊಳ್ಳುವವರು ಮ್ಯಾನೇಜ್‌ಮೆಂಟಿನಲ್ಲೇ ಇದ್ದಾರೆ, ಬಿಡಿ.)

ನಾನು ಕಳಿಸುವುದಿಲ್ಲ. ಜಿಪುಣತನ ಅಲ್ಲ. ಮೊದಲನೆಯದಾಗಿ, ನಾನು ಬರೆದ ಮೇಲೆ ನಮೂನೆಯೇ ಬದಲಾಗಿದೆ. ಆಗ ಪಿಒ (ಡಿಗ್ರಿ ಮುಗಿಸುವ ಹೊತ್ತಿಗೆ ಹುಡುಗರಿಗೆ ಬಂದಿರಬೇಕಾದ್ದು) 12 ಇದ್ದವು, ಈಗ 11. ಹಳೇ ಫೈಲ್ ನೋಡಿ ಬರೆದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಎರಡನೆಯದು, ಅದರಿಂದ ಎತ್ತಿಕೊಳ್ಳಲು ಆಗುವುದು ವಿಷನ್, ಮಿಷನ್ ಅಂತ ಬರೆದ ಚಂದದ ಮಾತು ಮಾತ್ರ. ನಮ್ಮ ಕಾಲದ 1000 ಅಂಕಗಳಲ್ಲಿ ಆ ಅಧ್ಯಾಯಕ್ಕೆ ಇದ್ದದ್ದು 60. ಅಧ್ಯಾಪಕರ ವಿವರಕ್ಕೆ 200, ವಿದ್ಯಾರ್ಥಿಗಳ ಸಾಧನೆಗೆ 150. ಅವೆಲ್ಲ ನಿಮ್ಮ ರಿಜಿಸ್ಟರಿನಿಂದಲೇ ಬರಬೇಕು. ಆದರೂ ವಿಷನ್ ಬೋರ್ಡು ಎಲ್ಲ ಗೋಡೆಗೂ ಹತ್ತುತ್ತದೆ, ಲಿಫ್ಟ್ ಪಕ್ಕದಲ್ಲೂ!

ಹಾಗಾಗಿ ಮೊದಲು ಎಣಿಸಿ. ಎಷ್ಟು ಹುಡುಗರಿಗೆ ಒಬ್ಬ ಟೀಚರ್ ಅನ್ನುವುದಕ್ಕೇ ನಮಗೆ 20 ಅಂಕ ಇತ್ತು. 15ಕ್ಕೆ ಒಬ್ಬರಿದ್ದರೆ ಪೂರ್ತಿ ಅಂಕ, 25 ದಾಟಿದರೆ ಸೊನ್ನೆ. ಅದೂ ಮೂರು ವರ್ಷದ ಸರಾಸರಿ. ತಂಡ ಬರುವ ತಿಂಗಳು ನಾಲ್ಕು ಜನರನ್ನು ಸೇರಿಸಿಕೊಂಡರೆ ಏನೂ ಆಗುವುದಿಲ್ಲ.

ನಾವು ಎಡವಿದ್ದೂ ಇಲ್ಲೇ. ವರ್ಷದ ಮಧ್ಯೆ ಬಿಟ್ಟುಹೋದ ಒಬ್ಬರನ್ನು ಒಂದು ಟೇಬಲ್‌ನಲ್ಲಿ ಎಣಿಸಿದ್ದೆವು, ಇನ್ನೊಂದರಲ್ಲಿ ಬಿಟ್ಟಿದ್ದೆವು. ಬಂದವರು ಜಗಳ ಮಾಡಲಿಲ್ಲ. “ಸಂಬಳದ ರಿಜಿಸ್ಟರ್ ತರಿಸಿ” ಅಂದರು, ಅಷ್ಟೇ. ಅಲ್ಲಿಂದ ಮುಂದೆ ನಮ್ಮ ಪ್ರತಿ ಅಂಕಿಗೂ ದಾಖಲೆ ಕೇಳಿದರು. ಮೂರು ದಿನ ಝೆರಾಕ್ಸ್ ಮೆಷಿನ್ ತಣ್ಣಗಾಗಲಿಲ್ಲ.

ಎಲ್ಲರೂ ಹೆದರುವುದು ಅಟೈನ್‌ಮೆಂಟ್ ಲೆಕ್ಕಕ್ಕೆ. ಪ್ರತಿ ವಿಷಯದಲ್ಲಿ ಹುಡುಗರು ಕಲಿಯಬೇಕಾದ್ದು ಸಿಒ. ಡಿಗ್ರಿ ಮುಗಿಸಿದಾಗ ಬಂದಿರಬೇಕಾದ್ದು ಪಿಒ. ಪ್ರಶ್ನೆಪತ್ರಿಕೆಯ ಒಂದೊಂದು ಪ್ರಶ್ನೆಗೂ ಅದು ಯಾವ ಸಿಒ ಅಂತ ಗುರುತು ಹಾಕಿ, ಹುಡುಗರ ಅಂಕದಿಂದ ಎಷ್ಟು ಮುಟ್ಟಿದೆವು ಅಂತ ತೆಗೆಯಬೇಕು. ಎಕ್ಸೆಲ್‌ನಲ್ಲಿ ಇದನ್ನು ಹಿಂದಿನಿಂದ ಮುಂದಕ್ಕೆ ಹೊಂದಿಸಿ ಎಲ್ಲ ವಿಷಯಕ್ಕೂ ಟಾರ್ಗೆಟ್ ಮುಟ್ಟಿಸಿಬಿಡಬಹುದು. ಜಾಸ್ತಿ ಜನ ಅದನ್ನೇ ಮಾಡುತ್ತಾರೆ. ಎಲ್ಲವೂ ಪಾಸಾದ ಹಾಳೆ ಕಂಡರೆ ಪಾಠ ಮಾಡಿದ ಯಾರಿಗಾದರೂ ಅನುಮಾನ ಬರುತ್ತೆ ಅಲ್ವಾ? ಬರುವ ಪರಿಶೀಲಕರೂ ಪ್ರೊಫೆಸರುಗಳೇ.

ನಮ್ಮಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಅನ್ನುವ ವಿಷಯ ಎರಡು ವರ್ಷ ಟಾರ್ಗೆಟ್ ಮುಟ್ಟಿರಲಿಲ್ಲ. ಮುಚ್ಚಿಡೋಣ ಅಂದರು ಕೆಲವರು. ಆದರೆ ನಾವು ಇದ್ದದ್ದನ್ನು ಇದ್ದ ಹಾಗೇ ಬರೆದೆವು. ಯಾವ ಅಧ್ಯಾಯದಲ್ಲಿ ಸೋತರು, ವಾರಕ್ಕೆ ಒಂದು ಟ್ಯುಟೋರಿಯಲ್ ಯಾವಾಗ ಸೇರಿಸಿದೆವು, ಮೂರನೇ ವರ್ಷ ಎಷ್ಟು ಏರಿತು ಅಂತ. ಬಂದವರು ಬೇರೆ ಪುಟ ಸುಮ್ನೆ ತಿರುವಿ ಹಾಕಿದರು, ಈ ಪುಟದ ಮುಂದೆ ಮಾತ್ರ ಕುರ್ಚಿ ಎಳೆದುಕೊಂಡು ಕೂತರು. ಆ ಟ್ಯುಟೋರಿಯಲ್‌ನ ಹಾಜರಿ ಪುಸ್ತಕವನ್ನೂ ಕೇಳಿದರು. ಪುಣ್ಯಕ್ಕೆ ಇತ್ತು.

ಅದಕ್ಕೇ ಫೋನ್ ಇಡುವ ಮೊದಲು ನಾನೇ ಕೇಳುತ್ತೇನೆ: ಮೂರು ವರ್ಷದ ಇಂಟರ್ನಲ್ಸ್ ಪರೀಕ್ಷೆಗೆ ಹುಡುಗರು ಉತ್ತರ ಬರೆದ ಬ್ಲೂ ಬುಕ್‌ಗಳು ಇವೆಯಾ, ರದ್ದಿಗೆ ಹೋದವಾ? ಇದ್ದರೆ ನಾಳೆಯೇ ಬೀರುವಿನ ಬೀಗ ತೆಗೆಸಿ, ವಿಷಯವಾರು ಕಟ್ಟು ಕಟ್ಟಿಸಿ. ಬರೆಯುವುದನ್ನು ಆಮೇಲೆ ನೋಡೋಣ.