ಮೊಬೈಲ್ ತಿಕ್ಕೋದಕ್ಕೆ ಚೀನೀ ಭಾಷೆಯಲ್ಲಿ ಏನಂತಾರೆ?

ಚೀನೀ ಭಾಷೆ ಕಲಿಯಲು ಹೊರಟವರಿಗೆ ಶುರುವಿನಲ್ಲೇ ಸಿಗುವ ಪದ ‘ತ್ಯೆನ್‌ನಾವ್’. ತ್ಯೆನ್ ಅಂದರೆ ಕರೆಂಟು, ನಾವ್ ಅಂದರೆ ಮಿದುಳು. ಎರಡೂ ಸೇರಿದರೆ ಕಂಪ್ಯೂಟರ್. ನಾನು ಓದಿದ, ಚೀನೀ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಎಚ್‌ಎಸ್‌ಕೆ ಪರೀಕ್ಷೆಯ ಹಳೇ ಪಟ್ಟಿಯಲ್ಲಿ ಮೊದಲ ಹಂತಕ್ಕೆ 150 ಪದ. ಅದರಲ್ಲಿ ಕಂಪ್ಯೂಟರ್ ಇದೆ, ಟಿವಿ ಇದೆ, ಸಿನಿಮಾ ಇದೆ. ಮೊಬೈಲ್ ಬರುವುದು ಎರಡನೇ ಹಂತಕ್ಕೆ. ಸ್ಕ್ಯಾನ್ ಮಾಡಿ ದುಡ್ಡು ಕೊಡುವ ಮಾತು ಆ ಎರಡು ಹಂತಗಳಲ್ಲಿ ಎಲ್ಲೂ ಇಲ್ಲ. ಆದರೆ ನಾನಿರುವ ದಕ್ಷಿಣ ಚೀನಾದ ಶೆನ್‌ಝೆನ್‌ನಲ್ಲಿ ಬೆಳಗ್ಗೆ ತಿಂಡಿಗೆ ಅಂತ ಕೆಳಗಿಳಿದರೆ ಮೊದಲು ಬೇಕಾಗುವುದೇ ಆ ಮಾತು.

ಊರಿಂದ ಇಲ್ಲಿಗೆ ಕೆಲಸಕ್ಕೆ, ಓದಿಗೆ ಬರುವವರು ‘ಏನು ಕಲಿತು ಬರಬೇಕು’ ಅಂತ ಕೇಳುತ್ತಾರೆ. ನನ್ನ ಉತ್ತರ ಒಂದೇ. ವಸ್ತುಗಳ ಹೆಸರು ಆಮೇಲೆ ನೋಡಿಕೊಳ್ಳಿ, ಮೊದಲು ನಾಲ್ಕೈದು ಕ್ರಿಯಾಪದ ಕಲಿಯಿರಿ. ಹೆಸರು ಗೊತ್ತಿಲ್ಲದಿದ್ದರೆ ಬೆರಳು ತೋರಿಸಬಹುದು. ಏನು ಮಾಡಬೇಕು ಅನ್ನುವುದನ್ನು ಬೆರಳಲ್ಲಿ ತೋರಿಸೋದು ಕಷ್ಟ.

ಮುಂದೆ ಹೋಗುವ ಮೊದಲು ಉಚ್ಚಾರಣೆಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಚೀನೀ ಪದಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಚೀನೀ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು 1958ರಲ್ಲಿ ಬಂದ ಪಿನ್‌ಯಿನ್ ಪದ್ಧತಿಯಲ್ಲಿ ಇಂಗ್ಲಿಷ್ ‘ಡಿ’ ಅಕ್ಷರ ಇರುವ ಕಡೆ ಕಿವಿಗೆ ಬೀಳುವುದು ನಮ್ಮ ‘ತ’. ‘ಟಿ’ ಇದ್ದರೆ ‘ಥ’, ‘ಬಿ’ ಇದ್ದರೆ ‘ಪ’, ‘ಕೆ’ ಇದ್ದರೆ ‘ಖ’. ಶಾಲೆಯಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಅಂತ ಬಾಯಿಪಾಠ ಮಾಡಿದ್ದು ಇಲ್ಲಿ ಕೈ ಹಿಡಿಯುತ್ತದೆ. ಸ್ವರದ ಏರಿಳಿತ ಮಾತ್ರ ಕನ್ನಡ ಲಿಪಿಯಲ್ಲಿ ಬರೆಯಲು ಆಗಲ್ಲ. ಅದನ್ನು ಕೇಳಿಯೇ ಕಲಿಯಬೇಕು.

ಮೊದಲ ಕ್ರಿಯಾಪದ ‘ತಾ’. ನೇರ ಅರ್ಥ ಹೊಡಿ. ‘ತಾ ತ್ಯೆನ್‌ಹ್ವಾ’ ಅಂದರೆ ಫೋನ್ ಮಾಡು, ‘ತಾ ತ್ಸ’ ಅಂದರೆ ಟೈಪ್ ಮಾಡು, ‘ತಾಯಿನ್’ ಅಂದರೆ ಪ್ರಿಂಟ್ ತೆಗೆ, ‘ತಾ ಛ’ ಅಂದರೆ ಟ್ಯಾಕ್ಸಿ ಹಿಡಿ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇದು ತಲೆನೋವು. ನಮಗೇನು ಕಷ್ಟ? ಟೈಪ್ ಹೊಡಿ, ಸೀಲು ಹೊಡಿ, ಬಣ್ಣ ಹೊಡಿ, ಗಾಡಿ ಹೊಡಿ ಅಂತ ದಿನಾ ಅನ್ನುವವರೇ ಅಲ್ವಾ? ‘ತಾಯಿನ್’ನಲ್ಲಿರುವ ಯಿನ್‌ಗೆ ಮುದ್ರೆ ಅನ್ನುವ ಅರ್ಥವೂ ಇದೆ. ಸೀಲು ಹೊಡೆಯೋದು ಅಂತಲೇ ನೆನಪಿಟ್ಟುಕೊಳ್ಳಬಹುದು.

ಎರಡನೆಯದು ‘ಷ್ವಾ’, ಬ್ರಷ್ಷಿನಿಂದ ತಿಕ್ಕು. ‘ಷ್ವಾ ಯಾ’ ಅಂದರೆ ಹಲ್ಲು ತಿಕ್ಕು. ‘ಷ್ವಾ ಖಾ’ ಅಂದರೆ ಕಾರ್ಡ್ ಉಜ್ಜು. ‘ಷ್ವಾ ಲ್ಯೆನ್’ ಅಂದರೆ ಕ್ಯಾಮೆರಾಗೆ ಮುಖ ತೋರಿಸಿ ಗೇಟು ತೆಗೆಸು, ಇಲ್ಲವೇ ದುಡ್ಡು ಕೊಡು. ‘ಷ್ವಾ ಷೌಚಿ’ ಅಂದರೆ ಸುಮ್ನೆ ಮೊಬೈಲ್ ಮೇಲೆ ಬೆರಳಾಡಿಸುತ್ತಾ ಕೂರೋದು. ನಮ್ಮಲ್ಲೂ ಹಲ್ಲು ತಿಕ್ಕುವ ಮಾತಲ್ಲೇ ‘ಹೊತ್ತೆಲ್ಲ ಮೊಬೈಲ್ ತಿಕ್ತಾ ಕೂತಿರ್ತಾನೆ’ ಅಂತ ಬೈಯುತ್ತಾರೆ. ಈ ಪದ ನನಗೆ ಕೇಳಿದ ದಿನವೇ ಬಂತು, ಮರೆಯಲೂ ಇಲ್ಲ.

ಮೂರನೆಯದು ‘ಸಾವ್’, ಸ್ಕ್ಯಾನ್ ಮಾಡು. ಕಸ ಗುಡಿಸೋದಕ್ಕೂ ಇದೇ ಪದ. ಕ್ಯೂಆರ್ ಕೋಡಿನ ‘ಮಾ’ ಸೇರಿಸಿದರೆ ‘ಸಾವ್‌ಮಾ’. ಇಲ್ಲಿ ದುಡ್ಡು ಕೊಡಲು ಎರಡು ದಾರಿ ಇವೆ. ತಳ್ಳುಗಾಡಿ, ಸಣ್ಣ ಅಂಗಡಿಯಲ್ಲಿ ಗೋಡೆಗೆ ಅಂಟಿಸಿದ ಕೋಡನ್ನು ನಾವು ಸ್ಕ್ಯಾನ್ ಮಾಡಬೇಕು. ಸೂಪರ್‌ಮಾರ್ಕೆಟ್‌ನಲ್ಲಿ ನಮ್ಮ ಫೋನಿನಲ್ಲಿ ಬರುವ ಕೋಡನ್ನು ಅವರು ಸ್ಕ್ಯಾನ್ ಮಾಡುತ್ತಾರೆ. ಅದಕ್ಕೇ ಗಲ್ಲಾಪೆಟ್ಟಿಗೆ ಹತ್ತಿರ ಕೇಳಿಬರುವ ಪ್ರಶ್ನೆ, ‘ವೊ ಸಾವ್ ನೀ, ಹಾಯ್‌ಷ್ ನೀ ಸಾವ್ ವೊ?’ ನಾನು ನಿಮ್ಮದು ಸ್ಕ್ಯಾನ್ ಮಾಡ್ಲಾ, ನೀವೇ ನಂದು ಮಾಡ್ತೀರಾ? ಈ ಒಂದು ವಾಕ್ಯದಲ್ಲಿ ‘ಅಥವಾ’ ಅಂತ ಕೇಳುವ ವ್ಯಾಕರಣ ಪೂರ್ತಿ ಇದೆ. ದಿನಾ ಕಿವಿಗೆ ಬೀಳುವುದರಿಂದ ಪುಸ್ತಕ ತೆರೆಯದೆಯೂ ಬಂದುಬಿಡುತ್ತದೆ.

‘ಖಾ’ ಪದಕ್ಕೆ ಎರಡು ಮುಖ. ಕಾರ್ಡ್ ಅನ್ನಲು ಖಾ, ಫೋನ್ ಸ್ಲೋ ಆಗಿ ಸಿಕ್ಕಿಹಾಕಿಕೊಂಡರೂ ಖಾ. ‘ಷೌಚಿ ಖಾ’ ಅಂದರೆ ಸಿಮ್ ಕಾರ್ಡ್ ಆಗಬಹುದು, ಫೋನ್ ಹ್ಯಾಂಗ್ ಆಗ್ತಿದೆ ಅಂತಲೂ ಆಗಬಹುದು. ಕೊನೆಗೊಂದು ‘ಲ’ ಹಾಕಿ ‘ಷೌಚಿ ಖಾ ಲ’ ಅಂದರೆ ಗೊಂದಲ ಇರಲ್ಲ. ಹ್ಯಾಂಗ್ ಆಯ್ತು, ಅಷ್ಟೇ.

ಈ ಪದಗಳೆಲ್ಲ ಒಟ್ಟಿಗೆ ಸಿಗುವ ಜಾಗ ಇಲ್ಲಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಹ್ವಾಛಿಯಾಂಗ್‌ಪೇಯ್. ಬೆಂಗಳೂರಿನ ಎಸ್‌.ಪಿ. ರೋಡ್ ನೋಡಿದವರು ಅದನ್ನೇ ಬಹುಮಹಡಿ ಕಟ್ಟಡಗಳೊಳಗೆ ಜೋಡಿಸಿಟ್ಟಂತೆ ಊಹಿಸಿಕೊಳ್ಳಿ. ಸರ್ಕ್ಯೂಟ್ ಬೋರ್ಡ್ ಕೆಲಸದವಳಾದ ನಾನು ಬಿಡಿಭಾಗ ಹುಡುಕಿಕೊಂಡು ಅಲ್ಲಿಗೆ ಹೋಗುತ್ತಲೇ ಇರುತ್ತೇನೆ. ಒಮ್ಮೆ ನನ್ನ ಫೋನಿನ ಬ್ಯಾಟರಿ ಹಾಕಿಸಬೇಕಿತ್ತು. ಬ್ಯಾಟರಿಗೆ ‘ತ್ಯೆನ್‌ಛಿ’, ಬದಲಾಯಿಸೋದಕ್ಕೆ ‘ಹ್ವಾನ್’. ‘ಷಿಫು, ಹ್ವಾನ್ ತ್ಯೆನ್‌ಛಿ’ ಅಂದೆ. ಕೈಕೆಲಸ ಬಲ್ಲವರನ್ನು, ಡ್ರೈವರ್‌ಗಳನ್ನು ಷಿಫು ಅಂತಲೇ ಕರೆಯುವುದು ಇಲ್ಲಿನ ಮರ್ಯಾದೆ. ಅವರು ಬ್ಯಾಟರಿ ಮುಟ್ಟುವ ಮುಂಚೆ ಕೇಳಿದ್ದು, ‘ಪೇಯ್‌ಫೆನ್ ಲ ಮಾ?’ ಬ್ಯಾಕಪ್ ಮಾಡಿದ್ದೀರಾ ಅಂತ. ಹೂಂ ಅಂದ ಮೇಲೆ ಫೋನನ್ನು ಬಿಸಿ ತಟ್ಟೆಯ ಮೇಲಿಟ್ಟರು. ಅಂಟು ಮೆತ್ತಗಾದಾಗ ರಬ್ಬರ್ ಬಟ್ಟಲು ಒತ್ತಿ ಗಾಜನ್ನು ಕೂದಲೆಳೆಯಷ್ಟು ಎತ್ತಿದರು, ಸಂದಿಯಲ್ಲಿ ತೆಳ್ಳಗಿನ ಪ್ಲಾಸ್ಟಿಕ್ ಚೂರು ತೂರಿಸಿ ಸುತ್ತಲೂ ಎಳೆದರು. ಸ್ಕ್ರೂಗಳನ್ನು ಅಯಸ್ಕಾಂತದ ಹಾಳೆಯ ಮೇಲೆ ಬಿಚ್ಚಿದ ಜಾಗಕ್ಕೆ ಸರಿಯಾಗಿ ಸಾಲಿಗಿಟ್ಟರು. ಕೈ ನಡೆಯುತ್ತಿದ್ದಂತೆ ಒಂದೊಂದರ ಹೆಸರನ್ನೂ ನನಗೆ ಹೇಳುತ್ತಾ ಹೋದರು. ಅಂಥ ಪಾಠ ನನಗೆ ಯಾವ ತರಗತಿಯಲ್ಲೂ ಸಿಕ್ಕಿಲ್ಲ.

ಅಲ್ಲಿ ಚೌಕಾಸಿಗೆ ಇಳಿಯುವ ಮೊದಲು ಮೂರು ಪದ ಗೊತ್ತಿರಲೇಬೇಕು. ‘ಯುವಾನ್‌ಚ್ವಾಂಗ್’ ಅಂದರೆ ಕಂಪನಿಯ ಒರಿಜಿನಲ್. ‘ಛಾಯ್‌ಚಿ’ ಅಂದರೆ ಹಳೇ ಸೆಟ್ ಬಿಚ್ಚಿ ತೆಗೆದ ಮಾಲು. ‘ಫಾನ್‌ಶಿನ್’ ಅಂದರೆ ರಿಪೇರಿ ಮಾಡಿ ಹೊಸದರಂತೆ ಕಾಣಿಸಿದ್ದು. ಕೇಳಿದರೆ ಹೆಚ್ಚಿನವರು ನೇರವಾಗಿ ಹೇಳುತ್ತಾರೆ. ಕೇಳಲು ಪದ ಬೇಕು, ಅಷ್ಟೇ.

ಅಂಕಿಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಪ್‌ನಲ್ಲಿ ಕರೆದ ಟ್ಯಾಕ್ಸಿ ಹತ್ತಿದ ಕೂಡಲೇ ಫೋನ್ ನಂಬರಿನ ಕೊನೆಯ 4 ಅಂಕಿ ಕೇಳುತ್ತಾರೆ. ಒಂದಕ್ಕೆ ‘ಯಿ’ ಅಂತ ಕಲಿತಿರುತ್ತೀರಿ. ಆದರೆ ಫೋನ್ ನಂಬರ್ ಹೇಳುವಾಗ ಅದು ‘ಯಾವ್’. ಏಳಕ್ಕೆ ‘ಛಿ’, ಗದ್ದಲದಲ್ಲಿ ಯಿ ಮತ್ತು ಛಿ ಒಂದೇ ಥರ ಕೇಳಿಸುತ್ತವೆ ಅಂತ ಈ ವ್ಯವಸ್ಥೆ. ಪೊಲೀಸ್ ನಂಬರ್ 110 ಕೂಡ ‘ಯಾವ್ ಯಾವ್ ಲಿಂಗ್’. ಬೆಲೆ ಹೇಳುವಾಗ ಇನ್ನೊಂದು ತೊಡಕಿದೆ. ಶೆನ್‌ಝೆನ್ 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಮೇಲೆ ಎಲ್ಲೆಲ್ಲಿಂದಲೋ ಬಂದ ಜನ ಕಟ್ಟಿದ ಊರು. ದಕ್ಷಿಣದವರ ಬಾಯಲ್ಲಿ ‘ಷ’ ಬದಲು ಬಹಳ ಸಲ ‘ಸ’ ಬರುತ್ತದೆ. ನಾಲ್ಕಕ್ಕೆ ‘ಸ’, ಹತ್ತಕ್ಕೆ ‘ಷ’ ಅನ್ನಬೇಕು. ಆಗ 4 ಮತ್ತು 10 ನಡುವೆ ಉಳಿಯುವುದು ಸ್ವರದ ಏರಿಳಿತ ಮಾತ್ರ. ಅದಕ್ಕೇ ಅಂಗಡಿಯವರು ಬೆರಳಲ್ಲೂ ತೋರಿಸುತ್ತಾರೆ. ಎರಡು ತೋರುಬೆರಳು ಅಡ್ಡಹಾಕಿದರೆ 10.

ಕಿವಿ ಪಳಗಿಸಲು ನನಗೆ ಸಿಕ್ಕ ಒಳ್ಳೆಯ ದಾರಿ ವೀಚಾಟ್ ಅನ್ನುವ ಮೆಸೇಜಿಂಗ್ ಆಪ್‌ನ ಧ್ವನಿ ಸಂದೇಶ. ಇಲ್ಲಿನ ಹಿರಿಯರಿಗೆ ಟೈಪ್ ಮಾಡೋದಕ್ಕಿಂತ ಮಾತಾಡಿ ಕಳಿಸೋದೇ ಇಷ್ಟ. ಒಂದು ಸಂದೇಶ ಹೆಚ್ಚೆಂದರೆ 60 ಸೆಕೆಂಡು. ಮೇಲಿನ ಮನೆಯ ಹೆಂಗಸು ಪಾರ್ಸೆಲ್ ಬಗ್ಗೆ, ಲಿಫ್ಟ್ ಕೆಟ್ಟಿದ್ದರ ಬಗ್ಗೆ ಕಳಿಸುತ್ತಾ ಇರುತ್ತಾರೆ. ಅಂಥವರನ್ನು ಕರೆಯುವ ಪದ ‘ಆಯಿ’. ನಾನು ಶಿರಸಿ ಕಡೆಯವಳು, ನಮ್ಮ ಮನೆಯಲ್ಲಿ ಅಮ್ಮನಿಗೇ ಆಯಿ ಅನ್ನೋದು. ಹಾಗಾಗಿ ಅವರನ್ನು ಕರೆಯಲು ನನಗೆ ಸಂಕೋಚವೇ ಆಗಲಿಲ್ಲ. ಅವರ ಸಂದೇಶವನ್ನು ಮೊದಲು ಬರೀ ಕಿವಿಯಲ್ಲಿ ಕೇಳುತ್ತೇನೆ. ಆಮೇಲೆ ಬೆರಳು ಒತ್ತಿಹಿಡಿದು ಅಕ್ಷರಕ್ಕೆ ತಿರುಗಿಸಿ ಓದುತ್ತೇನೆ. ಆಮೇಲೆ ಮತ್ತೆ ಕೇಳುತ್ತೇನೆ. ಉತ್ತರವನ್ನೂ ಧ್ವನಿಯಲ್ಲೇ ಕೊಡುತ್ತೇನೆ. ತಪ್ಪಿದ್ದರೆ ಅವರೇ ಅದನ್ನು ಸರಿಮಾಡಿ ಹೇಳಿ ಕಳಿಸುತ್ತಾರೆ, ನಿಧಾನವಾಗಿ, ಮಗುವಿಗೆ ಹೇಳಿಕೊಡುವ ದನಿಯಲ್ಲಿ.

ಈಗ ಹಿಡಿದಿರುವುದು ಆಸ್ಪತ್ರೆಯ ಪದಗಳನ್ನು. ‘ಕ್ವಾಹಾವ್’ ಅಂದರೆ ಚೀಟಿ ಮಾಡಿಸೋದು. ಅದನ್ನೂ ಇಲ್ಲಿ ಫೋನಿನಲ್ಲೇ ಮಾಡಿಸಬಹುದು. ಯಾವ ವಿಭಾಗ, ಯಾವ ಡಾಕ್ಟರು, ಎಷ್ಟು ಗಂಟೆಗೆ ಅಂತ ಒತ್ತುತ್ತಾ ಹೋಗಬೇಕು. ವಿಭಾಗಗಳ ಹೆಸರು ಉದ್ದ ಇವೆ. ಇಲ್ಲಿ ಮೆಡಿಕಲ್ ಓದುತ್ತಿರುವ ಕನ್ನಡದ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ, ನೀವು ಅವನ್ನು ಹೇಗೆ ನೆನಪಿಟ್ಟುಕೊಂಡಿರಿ ಅಂತ ದಯವಿಟ್ಟು ಬರೆದು ಕಳಿಸಿ.